ಎಲ್ಲರೂ ಸ್ವಲ್ಪ ಆ ಕಡೆ ತಿರುಗಿ

ನನ್ನ ಅಂಗಡಿಯ ಬೋರ್ಡಿನ ಮೇಲೆ ‘ಮೂರು ತಲೆಮಾರಿನ ಬೀಗದ ಕೆಲಸಗಾರರು’ ಎಂದು ಬರೆದಿದೆ. ಅದರಲ್ಲಿ ಎರಡು ತಲೆಮಾರು ನಿಜ. ಮೂರನೆಯದು ನಾನು.

ತಾತ ಸರ್ಕಾರಿ ಖಜಾನೆಯ ತಿಜೋರಿಗೆ ಕಿವಿಯಿಟ್ಟು ಕೂತು ಮಧ್ಯಾಹ್ನದ ಊಟದೊಳಗೆ ಅದರ ಬಾಗಿಲು ತೆಗೆದವರಂತೆ. ಅಪ್ಪ ಬೀಗದ ಬಾಯಿ ನೋಡಿದರೆ ಸಾಕು, ಅದರ ಕೀ ಹೇಗಿರಬೇಕೆಂದು ಹೇಳಿಬಿಡುತ್ತಿದ್ದರು. ನಾನು ಐದನೇ ವಯಸ್ಸಿನಲ್ಲಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು ತೆಗೆಯಲು ಬಾರದೆ ಗೋಳೋ ಎಂದು ಅತ್ತೆ. ಹದಿನೈದನೇ ವಯಸ್ಸಿನಲ್ಲಿ ಅದೇ ಚಿಲಕಕ್ಕೆ ಮತ್ತೆ ಸಿಕ್ಕಿಬಿದ್ದೆ. ಎರಡನೇ ಸಲ ಅಳಲಿಲ್ಲ ಅನ್ನುವುದೊಂದೇ ಆ ಹತ್ತು ವರ್ಷದಲ್ಲಿ ನಾನು ಸಾಧಿಸಿದ್ದು. ಅಪ್ಪ ಒಂದು ದಿನ ನನ್ನ ಬೆರಳುಗಳನ್ನು ಹಿಡಿದು, ತಿರುಗಿಸಿ ನೋಡಿ, “ಹಿಟ್ಟು ನಾದೋಕೆ ಒಳ್ಳೇ ಬೆರಳು” ಎಂದು ನಿಟ್ಟುಸಿರು ಬಿಟ್ಟಿದ್ದರು.

ಆದರೂ ಅಂಗಡಿ ನನಗೇ ಬಂತು. ಇದ್ದ ಮಗ ನಾನೊಬ್ಬನೇ. ಅಪ್ಪ ತೀರಿಕೊಂಡ ಮೇಲೆ ಬಂದವರೆಲ್ಲ ನನ್ನ ಬೆನ್ನು ತಟ್ಟಿ, “ಅವರ ಮಗ ಅಲ್ವಾ, ರಕ್ತದಲ್ಲೇ ಬಂದಿರುತ್ತೆ” ಎಂದರು. ನಾನೂ ನಂಬಿದೆ. ರಕ್ತ ಎಲ್ಲೋ ದಾರಿಯಲ್ಲಿದೆ, ಇವತ್ತಲ್ಲ ನಾಳೆ ಬೆರಳಿನ ತುದಿಗೆ ಬಂದು ಮುಟ್ಟುತ್ತದೆ ಎಂದು ನಾಲ್ಕು ವರ್ಷ ಕಾದೆ. ಅಲ್ಲಿಯವರೆಗೆ ಸುತ್ತಿಗೆಯಿಂದ ಕೆಲಸ ನಡೆಸಿದೆ. ಅರ್ಧ ಗಂಟೆ ತಂತಿ ಆಡಿಸುವುದು, ಬೆವರು ಒರೆಸಿಕೊಳ್ಳುವುದು, ಆಮೇಲೆ ಗಂಭೀರವಾಗಿ “ಈ ಬೀಗದ ಒಳಗೇ ದೋಷ ಇದೆ, ಒಡೆಯದೆ ಗತಿಯಿಲ್ಲ” ಎನ್ನುವುದು. ಬೇರೆ ಯಾರಾದರೂ ಹಾಗಂದಿದ್ದರೆ ಜನ ಅಟ್ಟಿಸಿಕೊಂಡು ಬರುತ್ತಿದ್ದರು. ನಾನಂದರೆ ತಲೆಯಾಡಿಸಿ, ಹೊಸ ಬೀಗವನ್ನೂ ನನ್ನ ಅಂಗಡಿಯಿಂದಲೇ ತರಿಸುತ್ತಿದ್ದರು. ಒಳ್ಳೆಯ ಮನೆತನದಲ್ಲಿ ಹುಟ್ಟಿದವನಿಗೆ ಬೀಗ ತೆಗೆಯಲು ಬರದಿದ್ದರೆ ತಪ್ಪು ಬೀಗದ್ದು.

ಹೆಂಡತಿಗೆ ಮಾತ್ರ ಮೊದಲ ದಿನದಿಂದಲೇ ನನ್ನ ಬಂಡವಾಳ ಗೊತ್ತಿತ್ತು. “ನಿಮ್ಮ ತಾತ ಬೀಗ ತೆಗೆದ್ರು, ಮಾವನೋರು ಬೀಗ ತೆಗೆದ್ರು, ನೀವು ಬರೀ ಬಾಯಿ ತೆಗೀತೀರಿ” ಎನ್ನುತ್ತಿದ್ದಳು.

ಇಷ್ಟೆಲ್ಲ ಹೇಳಿದರೂ ಇದು ನನ್ನ ಕತೆಯಲ್ಲ. ಹೇಳಬೇಕಾದ್ದು ಮರಿಯ ಕತೆ. ಆದರೆ ಅವನ ಬದುಕಿನ ಇಪ್ಪತ್ತೆರಡು ವರ್ಷಕ್ಕೆ ನಾನು ಅಡ್ಡ ನಿಂತಿದ್ದರಿಂದ ನನ್ನನ್ನು ದಾಟದೆ ಅವನ ಹತ್ತಿರ ಹೋಗಲು ದಾರಿಯಿಲ್ಲ.

ಮರಿ ಎಂದರೆ ಚಿಕ್ಕವನೇನಲ್ಲ. ಈಗ ಅವನಿಗೆ ನಲವತ್ತೆಂಟು ದಾಟಿದೆ, ಕಿವಿಯ ಮೇಲೆಲ್ಲ ನರೆ. ಅವನ ಅಪ್ಪ ಈ ಊರಿನ ಹೆಸರಾಂತ ಕಳ್ಳ. ಸದ್ದಿಲ್ಲದೆ ಮನೆ ಹೊಕ್ಕು ಸದ್ದಿಲ್ಲದೆ ಹೊರಬರುತ್ತಿದ್ದವನೆಂದು ಜನ ಅವನಿಗೆ ಬೆಕ್ಕು ಎಂದು ಹೆಸರಿಟ್ಟಿದ್ದರು. ಮಗ ಹುಟ್ಟಿದ ಕೂಡಲೇ ಮರಿಬೆಕ್ಕಾದ. ಅಪ್ಪ ಜೈಲಿನಲ್ಲೇ ಸತ್ತಾಗ ಇವನಿನ್ನೂ ಮಾತು ಕಲಿಯುತ್ತಿದ್ದ. ಬೆಕ್ಕು ಹೋದರೂ ಮರಿ ಎಂಬುದು ಉಳಿಯಿತು. ಸೈಕಲ್ ರಿಪೇರಿ ಅಂಗಡಿಯಲ್ಲಿ, ಪಂಪಿನ ಅಂಗಡಿಯಲ್ಲಿ, ಕೊನೆಗೆ ಹೊಲಿಗೆ ಯಂತ್ರದ ರಿಪೇರಿಯಲ್ಲಿ ಅವನು ಕೆಲಸ ಮಾಡಿದ. ಎಲ್ಲಿ ಏನು ಕಾಣೆಯಾದರೂ ಮೊದಲು ತಡಕುತ್ತಿದ್ದುದು ಅವನ ಜೇಬನ್ನೇ. ಕಾಣೆಯಾದ ಸ್ಪ್ಯಾನರು ಮೇಜಿನ ಕೆಳಗೆ ಸಿಕ್ಕಿದಾಗ “ಅಯ್ಯೋ, ಇಲ್ಲೇ ಇತ್ತು” ಎನ್ನುತ್ತಿದ್ದರಂತೆ. ತಪ್ಪಾಯಿತು ಎಂದವರಿಲ್ಲ.

ಅವನನ್ನು ನಾನು ಮೊದಲು ಕಂಡದ್ದು ಒಬ್ಬ ನಿವೃತ್ತ ಹೆಡ್‌ಮಿಸ್‌ ಮನೆಯ ಬಾಗಿಲಲ್ಲಿ. ಕೀ ಬೀಗದೊಳಗೇ ಮುರಿದಿತ್ತು. ಒಂದು ಗಂಟೆಯಿಂದ ಬಗ್ಗಿ ನಿಂತು ನನ್ನ ಸೊಂಟ ಹಿಡಿದುಕೊಂಡಿತ್ತು. ಅವನು ರಿಪೇರಿಯಾದ ಹೊಲಿಗೆ ಯಂತ್ರ ತಂದು, ಬಾಗಿಲು ತೆಗೆದರೆ ಒಪ್ಪಿಸಿ ಹೋಗೋಣ ಎಂದು ಮೆಟ್ಟಿಲ ಮೇಲೆ ಕಾಯುತ್ತಿದ್ದ. ಹೆಡ್‌ಮಿಸ್‌ ಬೇಸತ್ತು ನೀರು ಕುಡಿಯಲು ಪಕ್ಕದ ಮನೆಗೆ ಹೋದರು. ನಾನು ಚೀಲಕ್ಕೆ ಕೈಹಾಕಿ ಸುತ್ತಿಗೆ ಎತ್ತಿಕೊಂಡೆ.

“ಅಣ್ಣ, ಸುತ್ತಿಗೆ ಬೇಡ,” ಎಂದ ಅವನು. “ಆ ಸಣ್ಣ ತಂತಿ ಒಂಚೂರು ಕೊಡಿ.”

ಯಾಕೆ ಕೊಟ್ಟೆನೋ ಗೊತ್ತಿಲ್ಲ, ಸೊಂಟ ಅಷ್ಟು ನೋಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ತಂತಿ ಆಡಿಸಿದ. ಮುರಿದ ತುಂಡು ಅಂಗೈಗೆ ಬಂತು, ಬೀಗ ತೆರೆಯಿತು. “ಮಿಷನ್ ಒಳಗೆ ದಾರ ಎಲ್ಲಿ ಸಿಕ್ಕೊಂಡಿದೆ ಅಂತ ಬೆರಳಿಗೇ ಗೊತ್ತಾಗ್ಬೇಕು. ಇದೂ ಅಷ್ಟೇ,” ಎಂದ. ಅಷ್ಟರಲ್ಲಿ ಹೆಜ್ಜೆ ಸದ್ದು ಕೇಳಿಸಿತು. ತಂತಿಯನ್ನು ನನ್ನ ಕೈಗೆ ತುರುಕಿ, “ನಾನು ತೆಗೆದೆ ಅಂತ ಹೇಳ್ಬೇಡಿ ಅಣ್ಣ. ನೀವು ತೆಗೆದ್ರೆ ಅದು ವಿದ್ಯೆ. ನಾನು ತೆಗೆದ್ರೆ ಅದು ಕೇಸು,” ಎಂದು ಮೆಟ್ಟಿಲಿಳಿದು ನಿಂತ.

ಹೆಡ್‌ಮಿಸ್‌ ತೆರೆದ ಬಾಗಿಲು ನೋಡಿ ಕಣ್ಣರಳಿಸಿದರು. “ತಾತನ ಕೈಗುಣವೇ ಬಂದಿದೆ ನಿಮಗೆ,” ಎಂದರು. ಆಮೇಲೆ ಮರಿಯತ್ತ ತಿರುಗಿ, ಯಂತ್ರದ ಬಿಡಿಭಾಗಗಳೆಲ್ಲ ಇವೆಯೇ ಎಂದು ಒಂದೊಂದೇ ಮುಟ್ಟಿ ನೋಡಿದರು. ನಾನು ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡು ನಿಂತಿದ್ದೆ. ಮರುದಿನ ಅವನನ್ನು ಹುಡುಕಿಕೊಂಡು ಹೋಗಿ ನನ್ನ ಜೊತೆ ಕೆಲಸಕ್ಕೆ ಕರೆದೆ.

ಹೀಗೆ ಶುರುವಾಯಿತು ನಮ್ಮ ನಾಟಕ. ಊರಿನ ಕಣ್ಣಿಗೆ ಅವನು ನನ್ನ ಚೀಲ ಹೊರುವವನು. ಬಾಗಿಲ ಮುಂದೆ ಹೋಗಿ ನಿಂತ ಕೂಡಲೇ ನಾನು ಕೈಯೆತ್ತಿ, “ಎಲ್ಲರೂ ಸ್ವಲ್ಪ ಆ ಕಡೆ ತಿರುಗಿ. ಬೀಗ ತೆಗೆಯುವಾಗ ಯಾರೂ ನೋಡಬಾರದು, ತಾತನ ಕಾಲದಿಂದ ಬಂದ ಕ್ರಮ,” ಎನ್ನುತ್ತಿದ್ದೆ. ತಾತ ಅಂಥದ್ದೇನೂ ಹೇಳಿರಲಿಲ್ಲ. ಮೊದಲ ದಿನ ಬಾಯಿಗೆ ಬಂದದ್ದನ್ನು ಹೇಳಿದೆ, ಜನ ತಿರುಗಿದರು. ಒಂದು ಸಲ ಒಂದೇ ಮನೆಯ ಹನ್ನೊಂದು ಜನ, ಕಂಕುಳ ಕೂಸಿನ ಸಮೇತ, ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಮರಿ ಬೀಗ ತೆಗೆಯುತ್ತಿದ್ದ. ನಾನು ಪಕ್ಕದಲ್ಲಿ ನಿಂತು “ಹಾಂ… ಬಂತು… ಇನ್ನೊಂದು ಸುತ್ತು…” ಎಂದು ಏದುಸಿರು ಬಿಡುತ್ತಿದ್ದೆ. ನಗು ತಡೆಯಲಾಗದೆ ಅವನ ಭುಜ ಕುಲುಕುತ್ತಿತ್ತು. ಕೊನೆಗೆ ನಾನು ಮುಂದೆ ಬಂದು, ಎದೆ ಸೆಟೆಸಿ ಬಾಗಿಲು ತಳ್ಳುತ್ತಿದ್ದೆ.

ಈ ಸುಳ್ಳಿಗೆ ಬೇರು ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಪೇಟೆಯ ಇನ್ನಿಬ್ಬರು ಬೀಗದವರೂ ಗಿರಾಕಿಗಳನ್ನು ತಿರುಗಿಸಿ ನಿಲ್ಲಿಸತೊಡಗಿದರು. ಒಬ್ಬ ಮುದುಕರಂತೂ ನನ್ನ ಕೈ ಹಿಡಿದು, “ನಿಮ್ಮ ತಾತನೂ ಹೀಗೇ ನಿಲ್ಲಿಸ್ತಿದ್ರು. ನಾನೇ ನಿಂತಿದ್ದೀನಿ,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ಒಂದು ಕ್ಷಣ ತಾತ ಹಾಗೆ ಮಾಡುತ್ತಿದ್ದರೇನೋ ಅನ್ನಿಸಿತು.

ಮರಿಗೆ ನಗುವಷ್ಟೇ ಇರಲಿಲ್ಲ. ಒಂದು ಸಂಜೆ ಅಂಗಡಿಯಲ್ಲಿ ಕೀ ಉಜ್ಜುತ್ತಾ ಕೂತವನು ಅರವನ್ನು ಕೆಳಗಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡ. “ಅಣ್ಣ, ಬೀಗ ಇಷ್ಟು ಸಲೀಸಾಗಿ ತೆಗೆದಾಗೆಲ್ಲ ಹೆದರಿಕೆ ಆಗುತ್ತೆ. ಇದು ಅಪ್ಪಂದೇ ಇರ್ಬೇಕು. ಕೈಗೆ ಬಂದಿದೆ. ಮಿಕ್ಕಿದ್ದು ಯಾವತ್ತು ಬರುತ್ತೋ,” ಎಂದ. ನಾನು ಏನೋ ಹೇಳಿ ತೇಲಿಸಿದೆ. ನನ್ನ ರಕ್ತ ಬರಲಿಲ್ಲವೆಂದು ನಾನು ಕೊರಗುತ್ತಿದ್ದರೆ, ಅವನು ತನ್ನದು ಬಂದುಬಿಟ್ಟಿತೆಂದು ಹೆದರುತ್ತಿದ್ದ.

ಕಳೆದ ವರ್ಷ ನಗರಸಭೆ ಹೊಸ ನಿಯಮ ತಂದಿತು. ಬೀಗ ತೆಗೆಯುವವರೆಲ್ಲ ಪರವಾನಗಿ ಕಾರ್ಡು ಪಡೆಯಬೇಕು. ಗಡುವು ಮುಗಿದ ಮೇಲೆ ಕಾರ್ಡಿಲ್ಲದವನ ಕೈಯಲ್ಲಿ ಬೀಗದ ತಂತಿ ಕಂಡರೆ ನೇರವಾಗಿ ಠಾಣೆಗೆ. ಹಳೆಯ ಮನೆತನದ ಅಂಗಡಿಗಳಿಗೆ ಪರೀಕ್ಷೆಯಿಲ್ಲ. ನನ್ನ ಕಾರ್ಡು ಅಂಚೆಯಲ್ಲೇ ಬಂತು, ಜೊತೆಗೆ ಅಭಿನಂದನೆಯ ಎರಡು ಸಾಲು. ಮಿಕ್ಕವರು ಅರ್ಜಿ ಹಾಕಿ, ಕಾರ್ಡಿದ್ದವರೊಬ್ಬರಿಂದ ಅನುಭವದ ಪತ್ರ ತಂದು, ಅಧಿಕಾರಿಯ ಮುಂದೆ ಬೀಗ ತೆಗೆದು ತೋರಿಸಬೇಕು.

ಮರಿ ಅರ್ಜಿ ತುಂಬಿ ತಂದು ನನ್ನ ಮುಂದಿಟ್ಟ. ದುಂಡಗಿನ ಅಕ್ಷರ. ‘ತಂದೆಯ ಉದ್ಯೋಗ’ ಎಂಬಲ್ಲಿ ‘ಕಳ್ಳತನ’ ಎಂದು ಬರೆದಿದ್ದ.

“ನಿನಗೆ ತಲೆ ಕೆಟ್ಟಿದೆಯಾ? ಕೂಲಿ ಅಂತ ಬರಿಬಾರದಾ?” ಎಂದೆ.

“ಊರಿಗೇ ಗೊತ್ತಿರೋದನ್ನ ಸುಳ್ಳು ಬರೆದ್ರೆ, ಅಪ್ಪನ ಸಾಲಿಗೆ ನಾನೂ ಸೇರ್ತೀನಿ ಅಣ್ಣ.”

“ಕಾರ್ಡು ನಿನಗ್ಯಾಕೋ? ನನ್ನ ಕಾರ್ಡು ಇದೆಯಲ್ಲ. ಹಿಂದಿನ ಹಾಗೇ ನಡೆಸಿಕೊಂಡು ಹೋದ್ರಾಯ್ತು.”

ಅವನು ಅರ್ಜಿಯ ಆ ಸಾಲಿನ ಮೇಲೆ ಬೆರಳಿಟ್ಟ. “ನನ್ನ ಮಗಳು ಮುಂದಿನ ವರ್ಷ ಕಾಲೇಜಿಗೆ ಸೇರ್ತಾಳೆ. ಅವಳ ಫಾರಮ್ಮಲ್ಲೂ ಈ ಕಾಲಂ ಇರುತ್ತೆ. ತಂದೆಯ ಉದ್ಯೋಗ. ಚೀಲ ಹೊರೋದು ಅಂತ ಬರೀಬೇಕಾ ಅವಳು?”

ಪತ್ರ ಬರೆದುಕೊಡುತ್ತೇನೆಂದು ಒಪ್ಪಿದೆ.

ಬರೆಯಲು ಕೂತಾಗ ನನ್ನ ಯೋಗ್ಯತೆ ಹೊರಬಿತ್ತು. ಇಪ್ಪತ್ತೆರಡು ವರ್ಷದಿಂದ ಬೀಗ ತೆಗೆದವನು ಇವನೇ ಎಂದು ಬರೆದರೆ ನಾನು ಯಾರು? ತಾತನ ಮೊಮ್ಮಗ, ಅಪ್ಪನ ಮಗ ಎಂಬ ಎರಡು ಕೋಟು ಕಳಚಿದರೆ ಒಳಗೆ ಉಳಿಯುವುದು ಬಚ್ಚಲುಮನೆಯಲ್ಲಿ ಸಿಕ್ಕಿಬಿದ್ದವನು. ಮೂರು ಹಾಳೆ ಹರಿದುಹಾಕಿ, ನಾಲ್ಕನೆಯದರಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟೆ: ‘ಈತ ಇಪ್ಪತ್ತೆರಡು ವರ್ಷಗಳಿಂದ ನನ್ನ ಚೀಲ ಹೊತ್ತು ಜೊತೆಗಿದ್ದಾನೆ. ನಂಬಿಗಸ್ತ. ಕೆಲಸವನ್ನು ಹತ್ತಿರದಿಂದ ನೋಡಿದ್ದಾನೆ.’ ಹೆಂಡತಿ ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟಳು. ಬೈಯಲಿಲ್ಲ. ಅವಳು ಬೈಯದಿದ್ದಾಗಲೇ ನನಗೆ ಭಯ. “ಹತ್ತಿರದಿಂದ ನೋಡಿದ್ದು ನೀವು,” ಎಂದಷ್ಟೇ ಹೇಳಿ ಒಳಗೆ ಹೋದಳು. ಆದರೂ ಅದೇ ಪತ್ರವನ್ನು ಕೊಟ್ಟೆ. ಮರಿ ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, “ಆಯ್ತು ಅಣ್ಣ,” ಎಂದ.

ಪರೀಕ್ಷೆಯ ದಿನ ಪತ್ರ ಕೊಟ್ಟವರೂ ಬರಬೇಕೆಂದಿದ್ದರು. ಕಚೇರಿಯ ಎರಡನೇ ಮಹಡಿ, ಉದ್ದನೆಯ ಕೋಣೆ, ಗೋಡೆಗೆ ಊರಿನ ನಕ್ಷೆ. ಮೇಜಿನ ಮೇಲೆ ಒಂದು ದೊಡ್ಡ ಬೀಗ, ಹಲಗೆಗೆ ಕೂರಿಸಿದ ಬಾಗಿಲ ಬೀಗ, ಬೀರುವಿನ ಬೀಗ. ಅಧಿಕಾರಿ ನನ್ನನ್ನು ಕಂಡು ಎದ್ದು ನಿಂತರು. “ನಿಮ್ಮ ತಂದೆ ನಮ್ಮನೆ ಬೀರು ತೆಗೆದುಕೊಟ್ಟಿದ್ರು, ಒಂದು ಗೀರು ಬೀಳದ ಹಾಗೆ,” ಎಂದು ಕುರ್ಚಿ ಕೊಟ್ಟರು. ಇನ್ನೊಂದು ಕುರ್ಚಿಯ ಮೇಲೆ ಫೈಲುಗಳಿದ್ದವು. ಅವನ್ನು ಯಾರೂ ತೆಗೆಯಲಿಲ್ಲ, ಮರಿ ನಿಂತೇ ಇದ್ದ. ಪಕ್ಕದಲ್ಲಿ ಠಾಣೆಯ ಇನ್ಸ್‌ಪೆಕ್ಟರು ಅರ್ಜಿ ತಿರುವುತ್ತಿದ್ದರು.

“ತಂದೆಯ ಉದ್ಯೋಗ, ಕಳ್ಳತನ,” ಎಂದು ಗಟ್ಟಿಯಾಗಿ ಓದಿ ಇನ್ಸ್‌ಪೆಕ್ಟರು ನಕ್ಕರು. “ಮಗನಿಗೆ ಸರ್ಕಾರವೇ ಕಾರ್ಡು ಕೊಟ್ಟರೆ ಇನ್ನೇನು ಬೇಕು.”

ಅಧಿಕಾರಿ ನನ್ನ ಪತ್ರ ಎತ್ತಿ ಹಿಡಿದರು. “ಚೀಲ ಹೊತ್ತಿದ್ದಾನೆ ಅಂತ ನೀವೇ ಬರೆದಿದ್ದೀರಿ. ಇದು ಅನುಭವ ಅಂತ ಆಗೋದಿಲ್ಲ. ಆದ್ರೂ ನಿಯಮದ ಪ್ರಕಾರ ಒಂದು ಅವಕಾಶ ಕೊಡ್ತೀನಿ. ಅದಕ್ಕೆ ಮೊದಲು ನೀವೇ ಈ ಬಾಗಿಲ ಬೀಗ ತೆಗೆದು ತೋರಿಸಿ. ದೊಡ್ಡವರ ಕೈ ಹೇಗೆ ಆಡುತ್ತೆ ಅಂತ ಅವನೂ ನೋಡಲಿ, ನಾವೂ ನೋಡ್ತೀವಿ.”

ಬೀಗ ನನ್ನನ್ನು ನೋಡುತ್ತಿತ್ತು, ನಾನು ಬೀಗವನ್ನು ನೋಡುತ್ತಿದ್ದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಬಾಯಿಗೆ ಬಂತು.

“ಎಲ್ಲರೂ ಸ್ವಲ್ಪ ಆ ಕಡೆ ತಿರುಗಿ.”

“ಹೌದೌದು, ಕೇಳಿದ್ದೀನಿ,” ಎಂದು ಅಧಿಕಾರಿ ಭಕ್ತಿಯಿಂದ ತಿರುಗಿದರು. ಇನ್ಸ್‌ಪೆಕ್ಟರು ಗೊಣಗುತ್ತಲೇ ತಿರುಗಿದರು. ಇಬ್ಬರೂ ಊರಿನ ನಕ್ಷೆ ನೋಡುತ್ತಾ ನಿಂತರು.

ಮರಿ ನನ್ನ ಮುಖ ನೋಡಿದ. ಚೀಲಕ್ಕೆ ಕೈಹಾಕಿ ಸಣ್ಣ ತಂತಿ ತೆಗೆದ, ಸದ್ದಿಲ್ಲದೆ ಹತ್ತಿರ ಬಂದು ಬೀಗಕ್ಕೆ ಹಾಕಿದ. ಅದನ್ನು ಅವನು ನನಗಾಗಿ ತೆಗೆದುಕೊಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವನು ಚೀಲ ಹೊರುವವನಾಗಿಯೇ ಉಳಿಯುತ್ತಿದ್ದ. ಅದು ಅವನಿಗೂ ಗೊತ್ತಿತ್ತು. ಆದರೂ ಕೈ ಮುಂದೆ ಬಂದಿತ್ತು.

ಆಗ ನನಗೆ ಧೈರ್ಯ ಬಂತು ಎಂದು ಬರೆಯಲು ಆಸೆ. ಬಂದದ್ದು ಧೈರ್ಯವಲ್ಲ, ನಾಚಿಕೆ. ಅಂಥ ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ. ಅವನ ಮಣಿಕಟ್ಟು ಹಿಡಿದೆ.

“ಸಾರ್, ಈ ಕಡೆ ತಿರುಗಿ,” ಎಂದೆ. ದನಿ ಕೀರಲಾಗಿತ್ತು. “ತಿರುಗಿ ನೋಡಿ. ಇಷ್ಟು ವರ್ಷ ಬೀಗ ತೆಗೆದಿರೋದೆಲ್ಲ ಇವನೇ. ನಾನು ಬಾಗಿಲು ತಳ್ತಿದ್ದೆ, ಅಷ್ಟೇ.”

ಅವರು ತಿರುಗಿದರು. ನನ್ನ ಹೊರತು ಯಾರಾದರೂ ನೋಡುತ್ತಿರುವಾಗ ಮರಿ ಎಂದೂ ಬೀಗ ತೆಗೆದವನಲ್ಲ. ಮೊದಲ ಬೀಗಕ್ಕೆ ಅವನು ತೆಗೆದುಕೊಂಡಷ್ಟು ಹೊತ್ತನ್ನು ಬೇರೆ ಯಾವ ಬೀಗಕ್ಕೂ ತೆಗೆದುಕೊಂಡಿರಲಿಲ್ಲ. ತಂತಿ ಎರಡು ಸಲ ಜಾರಿತು. ಮೂರನೇ ಸಲ ಕಣ್ಣು ಮುಚ್ಚಿಕೊಂಡ. ಆಮೇಲೆ ಮೂರೂ ಬೀಗ ಒಂದರ ಹಿಂದೊಂದು ತೆರೆದುಕೊಂಡವು.

“ಇಂಥವನಿಗೆ ಕಾರ್ಡು ಕೊಟ್ರೆ ಜನ ನೆಮ್ಮದಿಯಾಗಿ ಮಲಗೋದು ಹೇಗೆ?” ಎಂದರು ಇನ್ಸ್‌ಪೆಕ್ಟರು.

“ಇಷ್ಟು ವರ್ಷದಲ್ಲಿ ಇವರು ತೆಗೆದ ಮನೆಗಳಿಂದ ನಿಮಗೆ ಎಷ್ಟು ದೂರು ಬಂದಿವೆ?” ಎಂದು ಅಧಿಕಾರಿ ಕೇಳಿದರು.

ಇನ್ಸ್‌ಪೆಕ್ಟರು ಯೋಚಿಸಿದರು. “ಒಂದೂ ಇಲ್ಲ.”

“ಅಷ್ಟು ವರ್ಷವೂ ಜನ ಮಲಗಿದ್ದಾರೆ ಅಂದಂಗಾಯ್ತು,” ಎಂದರು ಅಧಿಕಾರಿ. ಆಮೇಲೆ ನನ್ನತ್ತ ನೋಡಿ, “ನಿಮ್ಮ ತಂದೆ ಇದ್ದಿದ್ರೆ…” ಎಂದು ಶುರುಮಾಡಿ ನಿಲ್ಲಿಸಿದರು. ಆ ಮಾತು ಅವರು ಮುಗಿಸಿದ್ದರೇ ಒಳ್ಳೆಯದಿತ್ತು. ನಾನು ಇವತ್ತಿಗೂ ಅದನ್ನು ಬಗೆಬಗೆಯಾಗಿ ಮುಗಿಸಿಕೊಳ್ಳುತ್ತಿದ್ದೇನೆ.

ಮರಿಯ ಕಾರ್ಡು ತಿಂಗಳೊಪ್ಪತ್ತಿನಲ್ಲಿ ಬಂತು. ನನ್ನದನ್ನು ವಾಪಸು ಪಡೆದು, ಪರೀಕ್ಷೆಗೆ ಹಾಜರಾಗಬೇಕೆಂದು ಕಾಗದ ಕಳಿಸಿದರು. ಇದುವರೆಗೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಫೇಲಾಗಿದ್ದೇನೆ. ಸುದ್ದಿ ಹರಡಿದ ಮೇಲೆ ಕೆಲವು ಮನೆಯವರು ಹೆದರಿ ಬೀಗಗಳನ್ನೆಲ್ಲ ಬದಲಾಯಿಸಿದರು. ಹೊಸ ಬೀಗ ಕೊಂಡದ್ದು ನಮ್ಮ ಅಂಗಡಿಯಲ್ಲೇ. ಆದರೆ ಬೀಗ ತೆಗೆಸಲು ಕರೆಯುವವರು ಕಡಿಮೆಯಾದರು. ಮೂರು ವಾರ ಮರಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಕೂತ. ನನಗೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಕೈಯಲ್ಲಿ ವಿದ್ಯೆಯಿದೆ, ಜೇಬಿನಲ್ಲಿ ಕಾರ್ಡಿದೆ, ಇಷ್ಟಿದ್ದೂ ಜನ ನೋಡುವುದು ಬೆಕ್ಕನ್ನೇ ಆದರೆ ಇನ್ನೇನು ಮಾಡುವುದು ಎಂದು ನನಗೇ ಹೊಳೆಯಲಿಲ್ಲ.

ನಾಲ್ಕನೇ ವಾರ ಮೂಲೆಮನೆಯ ಅಜ್ಜಿಯಿಂದ ಕರೆ ಬಂತು. ಮೊಮ್ಮಗಳು ಕೆಲಸಕ್ಕೆ ಹೋಗಿದ್ದಳು, ಅಜ್ಜಿ ಬಟ್ಟೆ ಒಣಹಾಕಲು ಹೊರಗೆ ಬಂದಾಗ ಗಾಳಿಗೆ ಬಾಗಿಲು ಹಾಕಿಕೊಂಡಿತ್ತು. ಮರಿ ಹೋದ. ಚೀಲ ಹಿಡಿದುಕೊಂಡು ನಾನೂ ಹೋದೆ. ಅಜ್ಜಿ ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದರು. ಬಾಗಿಲು ತೆರೆಯಿತು. ಮರಿ ಎಂದಿನಂತೆ ಹಿಂದೆ ಸರಿದು ಮೆಟ್ಟಿಲಿಳಿದು ನಿಂತ. ಅದನ್ನು ನೋಡಿದಾಗ ನನಗೆ ತಟ್ಟನೆ ಹೊಳೆಯಿತು: ಇಷ್ಟು ವರ್ಷ ತಾನು ತೆಗೆದ ಒಂದು ಮನೆಯ ಒಳಗೂ ಅವನು ಕಾಲಿಟ್ಟಿರಲಿಲ್ಲ. ಒಳಗೆ ಹೋಗಿ ಚಹಾ ಕುಡಿದವನು ಯಾವಾಗಲೂ ನಾನೇ.

“ಒಳ್ಳೇ ಕೈ. ಯಾರ ಮಗನಪ್ಪ ನೀನು?” ಎಂದರು ಅಜ್ಜಿ.

ಸಹಾಯ ಮಾಡೋಣವೆಂದು ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅವನೇ ಹೇಳಿದ. “ಬೆಕ್ಕಿನ ಮಗ ಅಜ್ಜಿ.”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. “ಅವನಿಗೆ ಬೀಗ ತೆಗೆಯೋಕೆ ಎಲ್ಲಿ ಬರ್ತಿತ್ತು. ಒಂದು ಚಿಲಕ ಬಿಚ್ಚೋಕೂ ಬರ್ತಿರಲಿಲ್ಲ ಆ ಪುಣ್ಯಾತ್ಮನಿಗೆ. ನಮ್ಮನೆಗೂ ಬಂದಿದ್ದ, ಹಿಂದಿನ ಕಿಟಕಿಯಿಂದ. ಹೋಗುವಾಗ ಅದರಲ್ಲೇ ಸಿಕ್ಕೊಂಡು ಒದ್ದಾಡ್ತಿದ್ದ. ನಾನೇ ಎಳೆದು ಬಿಡಿಸಿದ್ದು.”

ಮರಿ ತನ್ನ ಎರಡೂ ಕೈಗಳನ್ನು ಎತ್ತಿ, ಯಾರದೋ ಕೈ ನೋಡುವಂತೆ ನೋಡಿಕೊಂಡ. ಅವನ ಗಲ್ಲದ ಮೇಲೆ ನೀರು ಇಳಿಯಿತು.

“ಅಳೋಕೇನಾಯ್ತು ಈಗ? ನಿಮ್ಮಪ್ಪ ಕಿಟಕಿಯಿಂದ ಬಂದಿದ್ದ. ನೀನಾದ್ರೂ ಬಾಗಿಲಿಂದ ಬಾ. ಬಂದು ಕೂತ್ಕೊ.”

ಅವನು ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ. ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಒಳಗೆ ಕುರ್ಚಿಯ ತುದಿಯಲ್ಲಿ ಕೂತ. ನಾನು ಚೀಲ ಹಿಡಿದುಕೊಂಡು ಹೊರಗೇ ನಿಂತೆ. ನನ್ನನ್ನು ಯಾರೂ ಕರೆದಿರಲಿಲ್ಲ.